ಕಾರ್ಖಾನೆಯನ್ನು ಕಾಯುವ ಮೀಟರು, ಕಾರ್ಮಿಕನನ್ನು ಕಾಯುವವರಾರು?

1984ರ ಡಿಸೆಂಬರ್ 2ರ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದವರ ಕಣ್ಣು ಉರಿಯತೊಡಗಿತು. ಮೀಥೈಲ್ ಐಸೋಸಯನೇಟ್ ಎಲ್ಲೋ ಸೋರುತ್ತಿದೆ ಎಂದು ಅವರಿಗೆ ತಿಳಿಸಿದ್ದು ಯಂತ್ರವಲ್ಲ, ಅವರದೇ ಕಣ್ಣೀರು. ಆ ಕಾರ್ಖಾನೆಯಲ್ಲಿ ಸೋರಿಕೆಯನ್ನು ಪತ್ತೆ ಹಚ್ಚುವ ರೂಢಿಯ ಮಾರ್ಗವೇ ಅದಾಗಿತ್ತು. ಚಹಾ ಕುಡಿದು ಬಂದು ನೋಡಿದರಾಯಿತು ಎಂದು ತೀರ್ಮಾನಿಸಲಾಯಿತು. ಚಹಾ ಮುಗಿಯುವ ವೇಳೆಗೆ ಪರಿಸ್ಥಿತಿ ಕೈಮೀರಿತ್ತು. ಮುಂದಿನದ್ದು ಜಗತ್ತಿಗೆ ಗೊತ್ತಿದೆ.

ಭೋಪಾಲದ ಬಗ್ಗೆ ಬರೆದವರು ಟ್ಯಾಂಕಿನೊಳಗೆ ನುಗ್ಗಿದ ನೀರಿನ ಬಗ್ಗೆ, ನಿಲ್ಲಿಸಲಾಗಿದ್ದ ಶೈತ್ಯೀಕರಣ ಯಂತ್ರದ ಬಗ್ಗೆ, ಆ್ಯಂಡರ್ಸನ್ ದೇಶ ಬಿಟ್ಟುಹೋದ ಬಗೆಯ ಬಗ್ಗೆ ಧಾರಾಳವಾಗಿ ಬರೆದಿದ್ದಾರೆ. ಆದರೆ ಆ ಕಣ್ಣೀರಿನ ಲೆಕ್ಕವನ್ನು ಹಾಕಿ ನೋಡಿದವರು ಕಡಿಮೆ. ಎಂಟು ಗಂಟೆಯ ದುಡಿಮೆಗೆ ಈ ಅನಿಲಕ್ಕೆ ನಿಗದಿಯಾಗಿದ್ದ ಮಿತಿ 0.02 ಪಿಪಿಎಂ. ಅಂದರೆ ಹತ್ತು ಕೋಟಿ ಭಾಗ ಗಾಳಿಯಲ್ಲಿ ಕೇವಲ ಎರಡು ಭಾಗ. ಆದರೆ ಮನುಷ್ಯನ ಕಣ್ಣು ಉರಿದು ನೀರೂರುವುದು ಅದು ಸುಮಾರು 2 ಪಿಪಿಎಂ ತಲುಪಿದ ಮೇಲೆ. ಮಿತಿಯ ನೂರು ಪಟ್ಟು! ಕಣ್ಣು ಎಚ್ಚರಿಕೆ ಕೊಡುವಷ್ಟರಲ್ಲಿ ಶ್ವಾಸಕೋಶ ತನ್ನ ಪಾಲಿನ ವಿಷವನ್ನು ಉಂಡಾಗಿರುತ್ತದೆ. ಕಣ್ಣೀರನ್ನು ಎಚ್ಚರಿಕೆಯ ಸಾಧನವೆಂದು ನಂಬಬಾರದು ಎಂದು ಕಂಪೆನಿಯ ಸ್ವಂತ ಕೈಪಿಡಿಯೇ ಹೇಳಿತ್ತು ಎಂಬುದು ಈ ಕಥೆಯ ಅತ್ಯಂತ ಕಹಿ ಭಾಗ.

ಭೋಪಾಲದ ನಂತರ ಸರಕಾರ ಎಚ್ಚೆತ್ತಿತು. 1948ರ ಕಾರ್ಖಾನೆಗಳ ಕಾಯಿದೆಗೆ 1987ರಲ್ಲಿ ತಿದ್ದುಪಡಿ ತರಲಾಯಿತು. ಯಾವ ರಾಸಾಯನಿಕ ಕಾರ್ಮಿಕನ ಉಸಿರಾಟದ ಗಾಳಿಯಲ್ಲಿ ಎಷ್ಟರ ಮಟ್ಟಿಗೆ ಇರಬಹುದು ಎಂಬುದಕ್ಕೆ ಒಂದು ಪಟ್ಟಿಯೇ ಕಾಯಿದೆಯೊಳಗೆ ಬಂತು. ಅಮೋನಿಯಾಕ್ಕೆ 25 ಪಿಪಿಎಂ, ಹೈಡ್ರೋಜನ್ ಸಲ್ಫೈಡಿಗೆ 10, ಟಾಲ್ವೀನಿಗೆ 100, ಹೀಗೆ. ಓದಲು ಹಿತವಾಗಿದೆ. ಆದರೆ ಗಾಳಿಗೆ ಕಾಯಿದೆ ಓದಲು ಬರುವುದಿಲ್ಲ. ಅಳೆಯದೇ ಹೋದರೆ ಮಿತಿಯೊಳಗಿದೆ ಎಂದು ಮಾಲಕ ಹೇಳಿದರೂ ಸರಿ, ಮೀರಿದೆ ಎಂದು ಕಾರ್ಮಿಕ ಹೇಳಿದರೂ ಸರಿ, ಎರಡಕ್ಕೂ ಸಾಕ್ಷಿಯಿಲ್ಲ. ಮತ್ತು ಸಾಕ್ಷಿಯಿಲ್ಲದ ವ್ಯಾಜ್ಯದಲ್ಲಿ ಗೆಲ್ಲುವವರು ಯಾರೆಂದು ನಮ್ಮ ದೇಶದ ಬಡವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಚೆಗೆ ನಾವು ಕರಾವಳಿಯ ಒಂದು ಸಣ್ಣ ಗ್ಯಾರೇಜಿಗೆ ಹೋಗಿದ್ದೆವು. ಕಾರುಗಳಿಗೆ ಸ್ಪ್ರೇ ಪೈಂಟ್ ಮಾಡುವ ಜಾಗ. ಮೂರು ಕಡೆ ಗೋಡೆ, ಮಳೆಯ ಎರಚಲು ತಡೆಯಲು ನಾಲ್ಕನೆಯ ಕಡೆ ಟಾರ್ಪಾಲು. ಪೈಂಟರ್ ಇಪ್ಪತ್ತೈದರ ಆಸುಪಾಸಿನ ಯುವಕ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ಥಿನ್ನರಿನ ಘಾಟಿಗೆ ನಮಗೆ ಐದು ನಿಮಿಷ ನಿಲ್ಲಲಾಗಲಿಲ್ಲ. ನಿನಗೆ ಕಷ್ಟವಾಗುವುದಿಲ್ಲವೇ ಎಂದು ಕೇಳಿದರೆ ಆತ ನಕ್ಕ. “ಮೊದಲ ಒಂದು ವಾರ ತಲೆ ತಿರುಗುತ್ತಿತ್ತು ಉಸ್ತಾದ್, ಈಗ ವಾಸನೆಯೇ ಗೊತ್ತಾಗುವುದಿಲ್ಲ” ಎಂದ. ಅಭ್ಯಾಸವಾಯಿತು ಎಂಬ ಸಮಾಧಾನ ಆ ಮಾತಿನಲ್ಲಿತ್ತು. ಅಭ್ಯಾಸವಾದದ್ದು ಮೂಗಿಗೆ ಮಾತ್ರ. ಥಿನ್ನರಿನಲ್ಲಿ ಸಾಮಾನ್ಯವಾಗಿರುವ ಟಾಲ್ವೀನ್ ವರ್ಷಗಟ್ಟಲೆ ಉಸಿರಿನೊಂದಿಗೆ ಒಳಹೋದರೆ ನರಮಂಡಲಕ್ಕೆ, ಕಿವಿಗೆ ಹಾನಿ ಮಾಡುತ್ತದೆ. ಬಣ್ಣಗಳ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವ ಶಕ್ತಿಯನ್ನು ಕುಂದಿಸುತ್ತದೆ. ಬಣ್ಣವೇ ಅನ್ನವಾಗಿರುವವನ ಮಟ್ಟಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಕರವಸ್ತ್ರ ಪೈಂಟಿನ ಹನಿಗಳನ್ನು ಒಂದಿಷ್ಟು ತಡೆದೀತು, ಆವಿಯನ್ನಲ್ಲ. ಆವಿಯನ್ನು ತಡೆಯಲು ಸಕ್ರಿಯ ಇದ್ದಿಲಿನ ಡಬ್ಬಿಯಿರುವ ಮಾಸ್ಕ್ ಬೇಕು. ಅದನ್ನು ಆತ ಕಂಡೇ ಇರಲಿಲ್ಲ.

ಹಾಗಾದರೆ ಮೂಗನ್ನು ನಂಬಲಾಗದ ಕಡೆ ಯಾವುದನ್ನು ನಂಬಬೇಕು? ಇಲ್ಲಿ ಒಂದು ಯಂತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ವಿಜ್ಞಾನ ನಮ್ಮ ಓದಿನ ವಿಷಯವಾಗಿರಲಿಲ್ಲ. ಆದರೆ ಇದರ ತತ್ವ ಅಷ್ಟೇನೂ ಜಟಿಲವಲ್ಲ.

1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಶಾಸ್ತ್ರಜ್ಞ ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ ಪ್ರತಿಯೊಂದರ ಶಾಖವನ್ನು ಥರ್ಮಾಮೀಟರಿನಿಂದ ಅಳೆಯುತ್ತಿದ್ದರು. ಕೆಂಪಿನ ಆಚೆ, ಯಾವ ಬಣ್ಣವೂ ಕಾಣದ ಕಡೆ ಇಟ್ಟ ಥರ್ಮಾಮೀಟರಿನಲ್ಲೂ ಪಾದರಸ ಏರಿತು. ಹೀಗೆ ಅವಗೆಂಪು ಕಿರಣ, ಅಂದರೆ ನಾವೀಗ ಇನ್‌ಫ್ರಾರೆಡ್ ಎಂದು ಕರೆಯುವ ಕಿರಣ, ಪತ್ತೆಯಾಯಿತು. ಸುಮಾರು ಅರುವತ್ತು ವರ್ಷಗಳ ನಂತರ ಜಾನ್ ಟಿಂಡಾಲ್ ಲಂಡನ್ನಿನಲ್ಲಿ ಒಂದೊಂದೇ ಅನಿಲವನ್ನು ಕೊಳವೆಯಲ್ಲಿ ತುಂಬಿಸಿ ಈ ಕಿರಣವನ್ನು ಹಾಯಿಸಿ ನೋಡಿದರು. ಗಾಳಿಯ ಬಹುಭಾಗವಾಗಿರುವ ಸಾರಜನಕ ಮತ್ತು ಆಮ್ಲಜನಕ ಕಿರಣವನ್ನು ಬಹುತೇಕ ಹಾಗೆಯೇ ಬಿಟ್ಟುಕೊಟ್ಟವು. ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದವು ನುಂಗಿದವು.

ಈ ನುಂಗುವಿಕೆಯಲ್ಲೇ ಗುಟ್ಟಿದೆ. ಪ್ರತಿಯೊಂದು ರಾಸಾಯನಿಕವೂ ತನ್ನದೇ ಆದ ಕೆಲವು ಅಲೆಯುದ್ದಗಳನ್ನಷ್ಟೇ ನುಂಗುತ್ತದೆ, ಬೆರಳಚ್ಚಿನ ಹಾಗೆ. ಪೆಟ್ಟಿಗೆಯೊಳಗೆ ಒಂದು ಬಿಸಿ ತಂತಿ, ಎದುರಿಗೆ ಒಂದು ಸಂವೇದಕ, ನಡುವೆ ಪಂಪಿನಿಂದ ಎಳೆದುಕೊಂಡ ಆ ಜಾಗದ ಗಾಳಿ. ಆಯ್ದ ಅಲೆಯುದ್ದದ ಕಿರಣ ಎಷ್ಟು ಕಡಿಮೆಯಾಗಿ ತಲುಪಿತೋ ಆ ರಾಸಾಯನಿಕ ಅಷ್ಟು ಇದೆ ಎಂದರ್ಥ. ಸ್ವಲ್ಪವೇ ಇದ್ದಾಗಲೂ ಗೊತ್ತಾಗಬೇಕಾದರೆ ಕಿರಣ ಗಾಳಿಯಲ್ಲಿ ದೂರ ಕ್ರಮಿಸಬೇಕು. ಅದಕ್ಕಾಗಿ ಪೆಟ್ಟಿಗೆಯೊಳಗೇ ಕನ್ನಡಿಗಳನ್ನಿಟ್ಟು ಹಿಂದೆ ಮುಂದೆ ಪುಟಿಸಿ ಇಪ್ಪತ್ತು ಮೀಟರಿನಷ್ಟು ದೂರ ಓಡಿಸುತ್ತಾರೆ. ಅಮೆರಿಕದ ವಿಲ್ಕ್ಸ್ ಕಂಪೆನಿ 1970ರ ದಶಕದಲ್ಲಿ ತಂದ ‘ಮಿರಾನ್’ ಈ ಬಗೆಯದು. ಅದರ ನಂತರದ ಮಾದರಿ ಸುಮಾರು ಹತ್ತು ಕಿಲೋ ತೂಗುತ್ತದೆ. ಪಟ್ಟಿ ಹಾಕಿ ಹೆಗಲಿಗೇರಿಸಿ ಕೊಂಡೊಯ್ಯಬಹುದು. ಹತ್ತಾರು ಆವಿಗಳನ್ನು ಒಟ್ಟಿಗೇ ಗುರುತಿಸುವ ಸಾಗಿಸಬಲ್ಲ ಯಂತ್ರಗಳನ್ನು ಫಿನ್‌ಲ್ಯಾಂಡಿನ ಗ್ಯಾಸ್‌ಮೆಟ್ ತಯಾರಿಸುತ್ತದೆ.

ಇದರ ದೊಡ್ಡ ಗುಣವೆಂದರೆ ಉತ್ತರ ಆಗಲೇ ಸಿಗುವುದು. ಇದ್ದಿಲಿನ ಪುಟ್ಟ ಕೊಳವೆಯನ್ನು ಕಾರ್ಮಿಕನ ಅಂಗಿಗೆ ಸಿಕ್ಕಿಸಿ, ಸಂಜೆ ಪ್ರಯೋಗಾಲಯಕ್ಕೆ ಕಳುಹಿಸುವ ಕ್ರಮವೂ ಇದೆ. ಇಡೀ ಪಾಳಿಯ ಸರಾಸರಿ ಅದರಿಂದ ಚೆನ್ನಾಗಿ ಸಿಗುತ್ತದೆ. ಆದರೆ ವರದಿ ಬರುವಾಗ ಆ ದಿನದ ಉಸಿರು ಮುಗಿದುಹೋಗಿರುತ್ತದೆ. ಅವಗೆಂಪು ಯಂತ್ರ ಹಾಗಲ್ಲ. ಥಿನ್ನರಿನ ಡ್ರಮ್ಮಿನ ಮುಚ್ಚಳ ತೆರೆದ ಗಳಿಗೆಯಲ್ಲಿ ಅಂಕಿ ಹೇಗೆ ಜಿಗಿಯುತ್ತದೆ, ಫ್ಯಾನನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿದರೆ ಹೇಗೆ ಇಳಿಯುತ್ತದೆ ಎಂಬುದನ್ನು ಅಲ್ಲೇ ನಿಂತು ನೋಡಬಹುದು. ಅಕ್ಷರ ಬಾರದ ಕಾರ್ಮಿಕನಿಗೂ ಏರುವ ಅಂಕಿ ಅರ್ಥವಾಗುತ್ತದೆ.

“ನಮ್ಮ ಕಾರ್ಖಾನೆಯಲ್ಲಿ ಗ್ಯಾಸ್ ಮೀಟರು ಇದೆಯಲ್ಲ” ಎಂದು ಮಾಲಕರು ಹೇಳುವುದುಂಟು. ನಿಜ, ದೊಡ್ಡ ಘಟಕಗಳಲ್ಲಿ ಇರುತ್ತದೆ. ಆದರೆ ಆ ಮೀಟರು ಏನನ್ನು ಕಾಯುತ್ತಿದೆ ಎಂದು ಕೇಳಿ ನೋಡಿ. ಅಲ್ಲಿ ಹೆಚ್ಚಾಗಿ ಕಾಣುವುದು ಸ್ಫೋಟದ ಮೀಟರು. ಗಾಳಿಯಲ್ಲಿ ಆವಿ ಬೆಂಕಿ ಹಿಡಿಯುವ ಮಟ್ಟಕ್ಕೆ ಎಷ್ಟು ಹತ್ತಿರವಾಗಿದೆ ಎಂದು ಅದು ನೋಡುತ್ತದೆ. ಟಾಲ್ವೀನ್ ಬೆಂಕಿ ಹಿಡಿಯಲು ಗಾಳಿಯಲ್ಲಿ ಕನಿಷ್ಠ ಸುಮಾರು ಶೇ. 1.1 ಇರಬೇಕು. ಅದನ್ನು ಪಿಪಿಎಂಗೆ ತಂದರೆ 11,000. ಅದರ ಹತ್ತನೇ ಒಂದು ಭಾಗಕ್ಕೆ ಅಲಾರಂ ಹೊಂದಿಸುವುದು ವಾಡಿಕೆ. ಬಹಳ ಎಚ್ಚರಿಕೆಯ ವ್ಯವಸ್ಥೆ ಎಂದೇ ಮೇಲ್ನೋಟಕ್ಕೆ ತೋರುತ್ತದೆ. ಆದರೆ ಹತ್ತನೇ ಒಂದು ಭಾಗವೆಂದರೆ 1,100 ಪಿಪಿಎಂ! ಎಂಟು ಗಂಟೆಯ ದುಡಿಮೆಗೆ 1987ರ ಪಟ್ಟಿ ಕೊಟ್ಟ ಮಿತಿ 100. ಜೀವಕ್ಕೇ ತಕ್ಷಣದ ಅಪಾಯವೆಂದು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ‘ನಿಯೋಶ್’ ಗುರುತಿಸಿದ ಮಟ್ಟ 500. ಅಂದರೆ ಕಾರ್ಮಿಕ ಪ್ರಜ್ಞೆ ತಪ್ಪಿ ಬೀಳಬಹುದಾದ ಗಾಳಿಯಲ್ಲೂ ಈ ಮೀಟರು ಮೌನವಾಗಿರುತ್ತದೆ. ಅದರ ತಪ್ಪೇನೂ ಇಲ್ಲ. ಅದನ್ನು ನೇಮಿಸಿದ್ದು ಕಟ್ಟಡವನ್ನು, ಯಂತ್ರಗಳನ್ನು, ಸರಕನ್ನು ಕಾಯಲಿಕ್ಕೆ. ಶ್ವಾಸಕೋಶವನ್ನು ಕಾಯುವ ಕೆಲಸವನ್ನು ಅದಕ್ಕೆ ಯಾರೂ ವಹಿಸಿರಲಿಲ್ಲ.

ಕಾರ್ಖಾನೆಗೆ ವಿಮೆಯಿದೆ, ಕಾವಲಿದೆ, ಮೀಟರಿದೆ. ಅದರೊಳಗೆ ದಿನಗೂಲಿಗೆ ಉಸಿರಾಡುವವನಿಗೆ ಏನಿದೆ?

ಹಾಗೆಂದು ಅವಗೆಂಪು ಯಂತ್ರವೊಂದು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರು ನಾವಲ್ಲ. ಅದಕ್ಕೂ ಮಿತಿಗಳಿವೆ, ಮತ್ತು ಅವುಗಳನ್ನು ಬಲ್ಲವನು ಅದನ್ನು ಮೋಸಕ್ಕೂ ಬಳಸಬಹುದು. ಕೆಲಸ ಶುರುಮಾಡುವ ಮುನ್ನ ಶುದ್ಧ ಗಾಳಿ ಕೊಟ್ಟು ಅದನ್ನು ಸೊನ್ನೆಗೆ ಹೊಂದಿಸಬೇಕು. ಆವಿ ತುಂಬಿದ ಕೋಣೆಯ ಗಾಳಿಯನ್ನೇ ಶುದ್ಧವೆಂದು ತೋರಿಸಿ ಸೊನ್ನೆಗೆ ಹೊಂದಿಸಿದರೆ, ಇದ್ದ ವಿಷವೆಲ್ಲ ಲೆಕ್ಕದಿಂದ ಮಾಯ. ನೀರಾವಿಯೂ ಅವಗೆಂಪನ್ನು ಬಲವಾಗಿ ನುಂಗುವುದರಿಂದ ಜುಲೈ ತಿಂಗಳ ಮಂಗಳೂರಿನ ಗಾಳಿಯಲ್ಲಿ ಅಳೆಯುವುದೂ ಮಾರ್ಚಿನ ರಾಯಚೂರಿನಲ್ಲಿ ಅಳೆಯುವುದೂ ಒಂದೇ ಅಲ್ಲ. ಅಲೆಯುದ್ದವನ್ನು ಆಯುವಾಗ, ಸೊನ್ನೆ ಹೊಂದಿಸುವಾಗ ಈ ತೇವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟಾಲ್ವೀನ್, ಕ್ಸೈಲೀನ್, ಪೆಟ್ರೋಲ್ ಆವಿ, ಇವೆಲ್ಲ ಒಂದು ಅಲೆಯುದ್ದದ ಸುತ್ತ ಒಂದರ ಮೇಲೊಂದು ಬೀಳುತ್ತವೆ. ಥಿನ್ನರಂಥ ಕಲಬೆರಕೆಯಲ್ಲಿ ಯಾವುದು ಎಷ್ಟು ಎಂದು ಬಿಡಿಸಲು ತಿಳಿದವರ ಕೈ ಬೇಕು.

ಇನ್ನು ಕೆಲವು ಅನಿಲಗಳು ಇದಕ್ಕೆ ಕಾಣುವುದೇ ಇಲ್ಲ. ಹೈಡ್ರೋಜನ್ ಅಂಥದ್ದು. ಹೈಡ್ರೋಜನ್ ಸಲ್ಫೈಡ್ ಕಂಡರೂ ತೀರಾ ಮಸುಕಾಗಿ. ಜೀವ ಉಳಿಸುವ ಮಟ್ಟದಲ್ಲಿ ಅದನ್ನು ಹಿಡಿಯಲು ಬೇರೆಯೇ ಬಗೆಯ ರಾಸಾಯನಿಕ ಸಂವೇದಕ ಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. 2022ರ ಏಪ್ರಿಲ್ 17ರಂದು ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಒಬ್ಬ ಕಾರ್ಮಿಕ ಬಿದ್ದ. ಎತ್ತಲು ಇಳಿದ ಸಂಗಡಿಗರೂ ಒಬ್ಬರ ಮೇಲೊಬ್ಬರಂತೆ ಕುಸಿದರು. ಒಟ್ಟು ಐವರು ತೀರಿಕೊಂಡರು. ಎಲ್ಲರೂ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗಾಗಿ ಬಂದವರು. 2025ರ ಜುಲೈಯಲ್ಲಿ ಎಂಆರ್‌ಪಿಎಲ್‌ನಲ್ಲಿ ಅನಿಲ ಸೋರಿಕೆಗೆ ಸಿಲುಕಿ ಇಬ್ಬರು ಸಿಬ್ಬಂದಿ ಮೃತಪಟ್ಟರು. ಹೈಡ್ರೋಜನ್ ಸಲ್ಫೈಡ್ ಕಾರಣವೆಂದು ಆಗ ಶಂಕಿಸಲಾಗಿತ್ತು. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಸುಮಾರು 100 ಪಿಪಿಎಂ ತಲುಪಿದಾಗ ವಾಸನೆ ಹಿಡಿಯುವ ನರಗಳನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತು, ಇನ್ನು ಭಯವಿಲ್ಲ ಎಂದು ಮುಂದೆ ಹೆಜ್ಜೆಯಿಡುವವನು ಸಾವಿನತ್ತ ಹೆಜ್ಜೆಯಿಡುತ್ತಾನೆ. ಜುಬೈಲ್, ರುವೈಸ್‌ಗಳ ತೈಲ ಘಟಕಗಳಲ್ಲಿ ದುಡಿದು ಬಂದ ನಮ್ಮ ಯುವಕರಿಗೆ, ಎದೆಗೆ ಸಿಕ್ಕಿಸಿಕೊಳ್ಳುವ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಗ್ಯಾಸ್ ಮೀಟರು ಹೊಸತಲ್ಲ. ಅದಿಲ್ಲದೆ ಅಲ್ಲಿ ಗೇಟು ದಾಟಲು ಬಿಡುವುದಿಲ್ಲ ಎಂದು ಅವರೇ ಹೇಳುತ್ತಾರೆ. ಊರಿಗೆ ಮರಳಿ ಇಲ್ಲಿನ ತೊಟ್ಟಿಗಿಳಿಯುವಾಗ ಅದೇ ಎದೆ ಬರಿದಾಗಿರುವುದೇಕೆ?

ಆದ್ದರಿಂದ ಪ್ರಶ್ನೆ ಯಾವುದೋ ಒಂದು ಯಂತ್ರದ್ದಲ್ಲ. ಆ ಜಾಗದ ವಿಷಕ್ಕೆ ತಕ್ಕ ಯಂತ್ರ ಇದೆಯೇ, ಅದನ್ನು ಎಲ್ಲಿ ಹಿಡಿದು ಅಳೆಯುತ್ತಾರೆ, ಅಳೆದ ಅಂಕಿ ಯಾರ ಕೈಸೇರುತ್ತದೆ ಎಂಬುದು. ಅಳೆಯಬೇಕಾದದ್ದು ಕಾರ್ಮಿಕನ ಮೂಗು ಬಾಯಿಯ ಸುತ್ತಲಿನ ಒಂದಡಿಯೊಳಗಿನ ಗಾಳಿಯನ್ನು. ಬಾಗಿಲ ಬಳಿ, ಫ್ಯಾನಿನ ಕೆಳಗೆ, ಉತ್ಪಾದನೆ ನಿಧಾನವಾಗಿರುವ ಮಧ್ಯಾಹ್ನ ಅಳೆದರೆ ಸುಳ್ಳು ಹೇಳದೆಯೇ ಸುಳ್ಳು ವರದಿ ತಯಾರಿಸಬಹುದು.

ಅಂಕಿ ಯಾರದು ಎಂಬ ಪ್ರಶ್ನೆಗೆ ಅಮೆರಿಕ 1980ರಲ್ಲೇ ಒಂದು ಉತ್ತರ ಕೊಟ್ಟಿತು. ಕಾರ್ಮಿಕ ಉಸಿರಾಡಿದ ರಾಸಾಯನಿಕದ ಅಳತೆಯ ದಾಖಲೆಯನ್ನು ಮಾಲಕ ಮೂವತ್ತು ವರ್ಷ ಕಾಪಿಡಬೇಕು. ಕಾರ್ಮಿಕ ಕೇಳಿದರೆ ಹದಿನೈದು ಕೆಲಸದ ದಿನಗಳೊಳಗೆ ತೋರಿಸಬೇಕು. ಮೂವತ್ತು ವರ್ಷ ಏಕೆಂದರೆ, ಬೆಂಜೀನ್ ತರುವ ರಕ್ತದ ಕ್ಯಾನ್ಸರ್ ನಾಳೆ ಬೆಳಿಗ್ಗೆ ಬಂದು ಬಾಗಿಲು ತಟ್ಟುವುದಿಲ್ಲ. ನಮ್ಮಲ್ಲೂ 1987ರ ತಿದ್ದುಪಡಿ ಕಾರ್ಮಿಕನಿಗೆ ತನ್ನ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿ ಪಡೆಯುವ ಹಕ್ಕು ಕೊಟ್ಟಿತ್ತು. ಬೆಂಜೀನ್ ಮತ್ತು ಅದರ ಕುಲಕ್ಕೆ ಸೇರಿದ ವಿಷವಸ್ತುಗಳಿಂದ ಬರುವ ಕಾಯಿಲೆಗಳು ಕಾರ್ಮಿಕ ಪರಿಹಾರ ಕಾಯಿದೆಯ ವೃತ್ತಿರೋಗಗಳ ಪಟ್ಟಿಯಲ್ಲಿದ್ದವು. ಟಾಲ್ವೀನ್ ಆ ಕುಲದ್ದೇ. ಆದರೆ ಗುತ್ತಿಗೆದಾರನೊಬ್ಬನ ಕೈಕೆಳಗೆ ಎಂಟು ತಿಂಗಳು, ಮತ್ತೊಬ್ಬನ ಕೈಕೆಳಗೆ ಆರು ತಿಂಗಳು ದುಡಿದು ಊರು ಬಿಟ್ಟವನು, ತಾನು ಉಸಿರಾಡಿದ ಗಾಳಿಯಲ್ಲಿ ಏನಿತ್ತು ಎಂಬುದನ್ನು ಹತ್ತು ವರ್ಷಗಳ ನಂತರ ಯಾವ ಕಾಗದದಿಂದ ತೋರಿಸಬೇಕು? ಕುಡಿತದಿಂದ ಬಂತು, ಬೀಡಿಯಿಂದ ಬಂತು ಎನ್ನುವವರ ಎದುರು ಆತನ ಬಳಿ ಕೆಮ್ಮಿನ ಹೊರತು ಬೇರೆ ದಾಖಲೆಯಿಲ್ಲ.

ಈಗ ಕಾನೂನಿನ ಚೌಕಟ್ಟೇ ಬದಲಾಗಿದೆ. 2020ರಲ್ಲಿ ಅಂಗೀಕಾರವಾದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆಯನ್ನು 2025ರ ನವೆಂಬರ್ 21ರಂದು ಕೇಂದ್ರ ಸರಕಾರ ಜಾರಿಗೊಳಿಸಿತು. ಹಳೆಯ ಕಾರ್ಖಾನೆಗಳ ಕಾಯಿದೆಯ ಜಾಗವನ್ನು ಅದು ಪಡೆದುಕೊಂಡಿದೆ. ಮಾಹಿತಿಯ ಹಕ್ಕು ಅದರಲ್ಲೂ ಇದೆ. ಆದರೆ ಎರಡು ವ್ಯತ್ಯಾಸಗಳನ್ನು ಓದುಗರು ಗಮನಿಸಬೇಕು. ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ದುಡಿದರೆ ಅದನ್ನು ಕಾರ್ಖಾನೆಯೆಂದು ಹಳೆಯ ಕಾಯಿದೆ ಕರೆಯುತ್ತಿತ್ತು. ಹೊಸ ಸಂಹಿತೆಯಲ್ಲಿ ಇಪ್ಪತ್ತು ಮಂದಿ ಬೇಕು. ರಾಸಾಯನಿಕಗಳ ಗಾಳಿ ಮಿತಿ ಅನ್ವಯವಾಗುವುದು ಕಾರ್ಖಾನೆಗೆ. ಹನ್ನೆರಡು ಮಂದಿ ದುಡಿಯುವ ಪೈಂಟಿಂಗ್ ಶೆಡ್, ಹದಿನೈದು ಮಂದಿ ಅಂಟು ಬಳಿಯುವ ಫರ್ನಿಚರ್ ಘಟಕ ಈ ಲೆಕ್ಕದಿಂದ ಹೊರಗೆ ಬೀಳುತ್ತವೆ. ಥಿನ್ನರಿಗೆ ಮಾತ್ರ ತಲೆ ಎಣಿಸಲು ಬರುವುದಿಲ್ಲ. ಎರಡನೆಯದು, ಮಿತಿಗಳ ಪಟ್ಟಿ ಹಿಂದೆ ಕಾಯಿದೆಯ ಒಳಗೇ ಇತ್ತು. ಸಂಹಿತೆಯಲ್ಲಿ ಅದನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಬಿಡಲಾಗಿದೆ. ಬಂಡವಾಳವನ್ನು ಸೆಳೆಯಲು ರಾಜ್ಯಗಳು ಪರಸ್ಪರ ಪೈಪೋಟಿಗೆ ಬಿದ್ದಿರುವ ಕಾಲದಲ್ಲಿ ಇದು ಯಾವ ಕಡೆಗೆ ವಾಲೀತು ಎಂದು ಆತಂಕಪಡುವುದು ತಪ್ಪೇ?

ಆತಂಕಕ್ಕೆ ಆಧಾರವಿದೆ. ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ಅವಕಾಶ ನೀಡುವ ತಿದ್ದುಪಡಿಯನ್ನು ಕರ್ನಾಟಕದ ಶಾಸನಸಭೆ 2023ರಲ್ಲಿ ಅಂಗೀಕರಿಸಿತ್ತು. ಆಗ ನಡೆದ ಚರ್ಚೆ ಕೂಲಿಯದ್ದು, ವಿಶ್ರಾಂತಿಯದ್ದು. ಗಾಳಿಯ ಮಿತಿಯೆಂಬುದು ಎಂಟು ಗಂಟೆ ಉಸಿರಾಡಿ, ಉಳಿದ ಹದಿನಾರು ಗಂಟೆ ದೇಹ ವಿಷವನ್ನು ಹೊರಹಾಕಲು ಬಿಡುವು ಪಡೆಯುತ್ತದೆ ಎಂಬ ಲೆಕ್ಕದ ಮೇಲೆ ನಿಂತಿದೆ. ದುಡಿಮೆ ಹನ್ನೆರಡಾದರೆ ಒಳಹೋಗುವುದು ಹೆಚ್ಚುತ್ತದೆ, ಬಿಡುವು ಕಡಿಮೆಯಾಗುತ್ತದೆ, ಮಿತಿ ಇನ್ನಷ್ಟು ಕೆಳಗಿಳಿಯಬೇಕು. ಇನ್ನು ಟಾಲ್ವೀನಿಗೆ 1987ರ ಪಟ್ಟಿ ಕೊಟ್ಟ 100 ಪಿಪಿಎಂ ಮಿತಿಯನ್ನು ನೋಡಿ. ಇಂಥ ಮಿತಿಗಳನ್ನು ಶಿಫಾರಸು ಮಾಡುವ ಅಮೆರಿಕದ ತಜ್ಞರ ಸಂಘಟನೆ ಅದನ್ನು 2007ರಲ್ಲಿ 20ಕ್ಕೆ ಇಳಿಸಿತು. ನಮ್ಮ ರಾಜ್ಯ ಹೊಸದಾಗಿ ಪಟ್ಟಿ ಬರೆಯುವಾಗ ಯಾವ ಅಂಕಿಯನ್ನು ಬರೆಯುತ್ತದೆ ಎಂಬುದರ ಮೇಲೆ ಸಾವಿರಾರು ಮಂದಿಯ ಕಿವಿ, ಕಣ್ಣು, ನರಗಳು ನಿಂತಿವೆ. ಇದರ ಬಗ್ಗೆ ಕಾರ್ಮಿಕ ಸಂಘಟನೆಗಳೂ ಹೆಚ್ಚು ಮಾತಾಡಿದ್ದನ್ನು ನಾವು ಕೇಳಿಲ್ಲ. ಬೋನಸ್ಸಿಗೆ ಧರಣಿ ಕೂರುವ ಸಂಘಗಳು ಪಿಪಿಎಂಗಾಗಿ ಒಂದು ಮನವಿಪತ್ರವನ್ನಾದರೂ ಕೊಡಬೇಡವೇ?

ಯಂತ್ರ ದುಬಾರಿ ಎಂಬ ಮಾತು ಬರುತ್ತದೆ. ಸಣ್ಣ ಗ್ಯಾರೇಜಿನವನು ಕೊಳ್ಳುವಂಥದ್ದಲ್ಲ, ಒಪ್ಪೋಣ. ಪ್ರತಿ ಗ್ಯಾರೇಜಿಗೂ ಒಂದೊಂದು ಬೇಕೆಂದು ಯಾರೂ ಕೇಳುತ್ತಿಲ್ಲ. ಬೈಕಂಪಾಡಿಯಂಥ ಒಂದು ಕೈಗಾರಿಕಾ ಪ್ರದೇಶಕ್ಕೆ ಒಂದು ಯಂತ್ರ, ಅದನ್ನು ಸರಿಯಾಗಿ ಬಳಸಬಲ್ಲ ಇಬ್ಬರು ತರಬೇತಿ ಪಡೆದವರು ಇದ್ದರೆ ವರ್ಷದುದ್ದಕ್ಕೂ ಶೆಡ್‌ನಿಂದ ಶೆಡ್‌ಗೆ ಹೋಗಿ ಅಳೆಯಬಹುದು. ಖರ್ಚನ್ನು ಉದ್ಯಮಿಗಳ ಸಂಘ ಮತ್ತು ಕಾರ್ಖಾನೆಗಳು, ಬಾಯ್ಲರುಗಳ ಇಲಾಖೆ ಹಂಚಿಕೊಳ್ಳಲಿ. ಅಳೆಯುವ ದಿನವನ್ನು ಮೊದಲೇ ತಿಳಿಸಬಾರದು. ಜೊತೆಗೆ ಕಾರ್ಮಿಕರಲ್ಲೊಬ್ಬ ನಿಂತು ಅಂಕಿಯನ್ನು ನೋಡಬೇಕು, ಸೊನ್ನೆಗೆ ಹೊಂದಿಸುವುದನ್ನೂ ನೋಡಬೇಕು. ಆ ದಿನದ ಅಂಕಿಯನ್ನೂ ಕಾನೂನಿನ ಮಿತಿಯನ್ನೂ ಅಕ್ಕಪಕ್ಕದಲ್ಲಿ, ಕನ್ನಡ, ಹಿಂದಿ, ಬಂಗಾಳಿ, ಒಡಿಯಾ ಹೀಗೆ ಅಲ್ಲಿ ದುಡಿಯುವವರ ಭಾಷೆಯಲ್ಲಿ ಗೋಡೆಗೆ ಹಚ್ಚಬೇಕು. ಕೆಲಸ ಬಿಡುವವನ ಕೈಗೆ ಅದರ ಒಂದು ನಕಲನ್ನು ಕೊಡಬೇಕು.

ಗ್ಯಾರೇಜಿನಿಂದ ಹೊರಡುವಾಗ ಆ ಯುವಕನಿಗೆ ಈ ಯಂತ್ರದ ಬಗ್ಗೆ ನಮಗೆ ತಿಳಿದಷ್ಟನ್ನು ಹೇಳಿದೆವು. ಆತ ಸ್ಪ್ರೇ ಗನ್ನನ್ನು ಕೆಳಗಿಟ್ಟು ಪೂರ್ತಿ ಕೇಳಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ: “ಅದು ತೋರಿಸಿದ ಅಂಕಿಯನ್ನು ನಮಗೂ ಹೇಳುತ್ತಾರಾ ಉಸ್ತಾದ್?”